ಕುತ್ತಿ ಉಳಿದರೆ ಕೆಲಸ ಉಳಿದಂತೆ

ಕಳೆದ ವಾರ ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಊರಿನ ಮನೆಯ ಹಿತ್ತಿಲಿನಲ್ಲಿದ್ದ ಆರು ಮುದಿ ತೆಂಗಿನ ಮರಗಳನ್ನು ಕಡಿಸಿದ್ದಾನಂತೆ. ಕಾಂಡಗಳನ್ನು ಗುತ್ತಿಗೆದಾರ ಒಯ್ದಿದ್ದಾನೆ, ಕುತ್ತಿಗಳು ಮಾತ್ರ ಮೊಣಕಾಲೆತ್ತರಕ್ಕೆ ನಿಂತಿವೆ. "ಸಾರ್, ಉಪ್ಪು ಸುರಿದು ನೀರು ಹಾಕಿದರೆ ಸಾಯುತ್ತವೆ ಎನ್ನುತ್ತಾರೆ, ಹೌದೇ?" ಎಂದು ಕೇಳಿದ. ನಾನು ಅವನಿಗೆ ಎಂಟನೆಯ ತರಗತಿಯಲ್ಲಿ ವಿಜ್ಞಾನ ಕಲಿಸಿದವನು. ಸಸ್ಯಶಾಸ್ತ್ರದ ಪಾಠ ಅವನ ತಲೆಯಲ್ಲಿ ಎಷ್ಟು ಉಳಿದಿದೆ ಎಂಬುದು ಆ ಒಂದೇ ಪ್ರಶ್ನೆಯಿಂದ ತಿಳಿಯಿತು. ತೆಂಗಿನ ಕುತ್ತಿ ಕಡಿದ ದಿನವೇ ಸತ್ತಿರುತ್ತದೆ. ಅದರ ಜೀವವಿರುವುದು ತಲೆಯಲ್ಲಿರುವ ಒಂದೇ ಸುಳಿಯಲ್ಲಿ. ತಲೆ ಹೋದ ಮೇಲೆ ಬುಡದಿಂದ ಚಿಗುರುವ ಶಕ್ತಿ ಆ ಜಾತಿಗೇ ಇಲ್ಲ. ಸತ್ತದ್ದನ್ನು ಇನ್ನೊಮ್ಮೆ ಕೊಲ್ಲಲು ಉಪ್ಪೇಕೆ?

ಆದರೆ ಅವನನ್ನು ನಗಾಡುವ ಯೋಗ್ಯತೆ ನನಗಿಲ್ಲ. ಇದೇ ವಿಷಯದಲ್ಲಿ ನಾನು ಮಾಡಿದ ತಪ್ಪು ಅವನದಕ್ಕಿಂತ ದೊಡ್ಡದು, ಮತ್ತು ಅದರ ಬೆಲೆ ತೆತ್ತವರು ಬೇರೆಯವರು. ಹಾಗಾಗಿ ಅವನೊಬ್ಬನಿಗೆ ಹೇಳಿದ್ದನ್ನು ಎಲ್ಲರಿಗೂ ಬರೆದು ಹೇಳುವುದು ಒಳ್ಳೆಯದೆನಿಸಿತು. ಊರಿನಲ್ಲಿ ಹಿತ್ತಿಲು ಉಳಿಸಿಕೊಂಡು ತಾವು ಬೇರೆಡೆ ಇರುವ ಶಿಷ್ಯರೂ ಬಂಧುಗಳೂ ಈಗ ಬಹಳ ಮಂದಿ ಇದ್ದಾರೆ. ಮರ ಕಡಿಸುವುದು ಒಂದು ದೂರವಾಣಿ ಕರೆಯಲ್ಲಿ ಆಗಿಹೋಗುವ ಕಾಲವಿದು. ಘಟ್ಟದ ಮೇಲಿನವರು ಬೊಡ್ಡೆ ಎನ್ನುವ, ನಾವು ಕರಾವಳಿಯವರು ಕುತ್ತಿ ಎನ್ನುವ ಆ ಉಳಿಕೆಯ ಬಗ್ಗೆ ಮಾತ್ರ ಯಾರೂ ಯೋಚಿಸುವುದಿಲ್ಲ.

ನಾನು ನಿವೃತ್ತನಾದದ್ದು 2004ರಲ್ಲಿ. ಪುತ್ತೂರು ತಾಲೂಕಿನ ನಮ್ಮ ಹಳ್ಳಿಯ ಮನೆಯ ಹಿತ್ತಿಲಿನಲ್ಲಿ ಆಗ ಅಜ್ಜನ ಕಾಲದ ತೆಂಗಿನ ಮರಗಳು ನಾಲ್ಕು ಇದ್ದವು. ಆಕಾಶಕ್ಕೆ ಮುಟ್ಟುವಷ್ಟು ಎತ್ತರ, ವರ್ಷಕ್ಕೆ ಹತ್ತಿಪ್ಪತ್ತು ಕಾಯಿ. ಹತ್ತುವವರು ಸಿಗುತ್ತಿರಲಿಲ್ಲ, ಸಿಕ್ಕವರೂ ಮರದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿ, "ಇದು ನಮ್ಮಿಂದಾಗುವುದಲ್ಲ ಮಾಷ್ಟ್ರೇ" ಎಂದು ಹೊರಟುಹೋಗುತ್ತಿದ್ದರು. ಗಾಳಿಮಳೆಗೆ ಮಡಲು ಮಾಡಿನ ಮೇಲೆ ಬಿದ್ದು ಹಂಚು ಒಡೆಯುವುದು ವಾಡಿಕೆಯಾಯಿತು. 2012ರ ಬೇಸಿಗೆಯಲ್ಲಿ ಕಡಿಸಿದೆ. ಬಂದವನು ಯಂತ್ರದ ಗರಗಸದಿಂದ ಒಂದು ಬೆಳಗಿನಲ್ಲಿ ನಾಲ್ಕನ್ನೂ ಉರುಳಿಸಿದ. ಎರಡು ಕಾಂಡಗಳನ್ನು ಪಕ್ಕಾಸಿಗೆಂದು ಒಯ್ದ. ಗಟ್ಟಿಯಿಲ್ಲದ ಉಳಿದೆರಡು ತುಂಡುಗಳಾಗಿ ಬೇಲಿಯ ಬದಿಗೆ ಸೇರಿದವು. ಕುತ್ತಿಗಳು ಇದ್ದಲ್ಲೇ ಉಳಿದವು. ಬುಡ ಕೀಳಲು ಬೇರೆ ಹಣ ಎಂದ. ತಾನಾಗಿ ಕೊಳೆಯುತ್ತದೆ ಬಿಡು ಎಂದೆ.

ಕೊಳೆಯಿತು. ಆದರೆ ಕೊಳೆಯುವ ತೆಂಗು ಯಾರ ತೊಟ್ಟಿಲು ಎಂಬುದನ್ನು ನಾನು ಯೋಚಿಸಲಿಲ್ಲ.

ನಮ್ಮ ಬೇಲಿಯಾಚೆ ಬೀಡಿ ಕಟ್ಟಿ ಮಕ್ಕಳನ್ನು ಬೆಳೆಸಿದ ಒಬ್ಬ ವಿಧವೆಯ ಮನೆ. ಅವರ ಇಬ್ಬರು ಮಕ್ಕಳೂ ನನ್ನ ಶಾಲೆಯಲ್ಲಿ ಓದಿದವರು. 2013ರ ಮಳೆಗಾಲದಲ್ಲಿ ಆಕೆ ಹನ್ನೆರಡು ತೆಂಗಿನ ಸಸಿ ನೆಟ್ಟಿದ್ದರು. ತಾನೇ ಗುಂಡಿ ತೋಡಿ, ಬೇಸಿಗೆಯುದ್ದಕ್ಕೂ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಸಾಕಿದ ಸಸಿಗಳು. ಮರುವರ್ಷ ಒಂದೊಂದಾಗಿ ಅವುಗಳ ಸುಳಿ ಒಣಗತೊಡಗಿತು. ಅರಳಿದ ಗರಿಗಳು ಕತ್ತರಿಯಿಂದ ಕತ್ತರಿಸಿದಂತೆ ಬೀಸಣಿಗೆಯ ಆಕಾರಕ್ಕೆ ತುಂಡಾಗಿದ್ದವು. ಏಳು ಸಸಿಗಳು ಸತ್ತವು. ಒಂದು ದಿನ ಬೇಲಿಯ ಬಳಿ ನಿಂತು, ಸಿಟ್ಟೇನೂ ಇಲ್ಲದ ದನಿಯಲ್ಲಿ, "ಮಾಷ್ಟ್ರೇ, ನಿಮ್ಮ ಕುತ್ತಿಯಲ್ಲಿ ಹುಟ್ಟಿದ ಹುಳ ನಮ್ಮ ಸಸಿ ತಿಂದು ಬದುಕುತ್ತಾ ಉಂಟು" ಎಂದರು.

ಹಾರೆ ತಂದು ಕುತ್ತಿಯೊಂದನ್ನು ಒಡೆದು ನೋಡಿದೆ. ಒಳಗೆಲ್ಲ ಕಾಫಿ ಪುಡಿಯಂತೆ ಪುಡಿಯಾಗಿತ್ತು. ಆ ಪುಡಿಯಲ್ಲಿ ಹೆಬ್ಬೆರಳು ಗಾತ್ರದ, ಕೊಕ್ಕೆಯಂತೆ ಬಾಗಿದ ಬಿಳಿಯ ಹುಳುಗಳು. ಒಂದೇ ಕುತ್ತಿಯಲ್ಲಿ ನಲವತ್ತಕ್ಕಿಂತ ಹೆಚ್ಚು ಎಣಿಸಿ ನಿಲ್ಲಿಸಿದೆ. ನಮ್ಮ ಕಡೆ ಕುರುವಾಯಿ ಎಂದು ಕರೆಯುವ, ಮೂತಿಯ ಮೇಲೆ ಕೊಂಬಿರುವ ಕಪ್ಪು ದುಂಬಿಯ ಮರಿಗಳು ಅವು. ಈ ದುಂಬಿ ಮೊಟ್ಟೆಯಿಡುವುದು ಗೊಬ್ಬರದ ಗುಂಡಿಯಲ್ಲಿ ಮತ್ತು ಕೊಳೆಯುವ ತೆಂಗಿನ ಕಾಂಡದಲ್ಲಿ. ತಿಂಗಳುಗಟ್ಟಲೆ ಅಲ್ಲಿಯೇ ಬೆಳೆದು, ರೆಕ್ಕೆ ಬಂದ ಮೇಲೆ ರಾತ್ರಿ ಹಾರಿ ಹೋಗಿ ಜೀವಂತ ತೆಂಗಿನ ಎಳೆಯ ಸುಳಿಯನ್ನು ಕೊರೆಯುತ್ತದೆ. ದೊಡ್ಡ ಮರ ತಡೆದುಕೊಳ್ಳಬಲ್ಲದು, ಇಳುವರಿ ಮಾತ್ರ ತಗ್ಗುತ್ತದೆ. ಸಸಿಯ ಬೆಳೆಯುವ ಮೊಳಕೆಗೇ ಪೆಟ್ಟು ಬಿದ್ದರೆ ಅದು ಉಳಿಯುವುದಿಲ್ಲ. ದುಂಬಿ ಮಾಡಿದ ಗಾಯಕ್ಕೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಟ್ಟರೆ ದೊಡ್ಡ ಮರವೂ ಒಳಗಿನಿಂದ ಟೊಳ್ಳಾಗಿ ಬೀಳುತ್ತದೆ.

ಆಗ ಕೃಷಿ ಇಲಾಖೆಯಲ್ಲಿದ್ದ ನನ್ನ ಶಿಷ್ಯನೊಬ್ಬ ಬಂದು ನೋಡಿ, ಹೇಳಲೋ ಬೇಡವೋ ಎಂದು ಅನುಮಾನಿಸುತ್ತ ಹೇಳಿದ: "ಸಾರ್, ಮರವನ್ನು ಕೊಯ್ಯಬಾರದಿತ್ತು, ಮಗುಚಬೇಕಿತ್ತು." ನಮ್ಮ ಅಜ್ಜಂದಿರು ಮಾಡುತ್ತಿದ್ದುದೇ ಅದು. ತೆಂಗಿಗೆ ತಾಯಿಬೇರಿಲ್ಲ. ಬುಡದ ಸುತ್ತ ಹಗ್ಗದಂತಹ ಸಾವಿರಾರು ಬೇರುಗಳು ಹರಡಿರುತ್ತವೆ, ಹೆಚ್ಚಿನವು ಒಂದೆರಡು ಮೀಟರಿನ ಒಳಗೇ. ಮೊದಲು ಬುಡದ ಸುತ್ತ ಅಗೆದು, ಬೀಳಬೇಕಾದ ದಿಕ್ಕಿಗೆ ಎದುರಿನ ಬೇರುಗಳನ್ನು ಕಡಿದು, ಮೇಲೆ ಹಗ್ಗ ಕಟ್ಟಿ ಎಳೆದರೆ ಕಾಂಡವೇ ಸನ್ನೆಕೋಲಾಗಿ ಬುಡವನ್ನು ಮಣ್ಣಿನಿಂದ ಎಬ್ಬಿಸಿಕೊಂಡು ಬೀಳುತ್ತದೆ. ಐವತ್ತು ಅಡಿ ಉದ್ದದ ಸನ್ನೆ! ಅದನ್ನು ಮೊದಲೇ ಕೊಯ್ದು ಹಾಕಿದರೆ, ಆಮೇಲೆ ಅದೇ ಕುತ್ತಿಯನ್ನು ಎಬ್ಬಿಸಲು ಇಬ್ಬರು ಆಳುಗಳು ದಿನಗಟ್ಟಲೆ ಪಿಕಾಸಿ ಹೊಡೆಯಬೇಕು. ಮೂವತ್ತೈದು ವರ್ಷ ಕರಿಹಲಗೆಯ ಮೇಲೆ ಸನ್ನೆಯ ಚಿತ್ರ ಬರೆದು, ಆಧಾರ ಬಿಂದು ಎಲ್ಲಿ, ಭಾರ ಎಲ್ಲಿ, ಬಲ ಎಲ್ಲಿ ಎಂದು ನಿಮ್ಮನ್ನು ನಿಲ್ಲಿಸಿ ಕೇಳಿದವನು ನಾನು. ನನ್ನ ಹಿತ್ತಿಲಿನಲ್ಲಿ ಸನ್ನೆ ನಿಂತಿದ್ದಾಗ ನನಗೆ ಕಾಣಲಿಲ್ಲ. (ಮನೆ, ವಿದ್ಯುತ್ ತಂತಿ, ಬಾವಿ ಹತ್ತಿರವಿದ್ದಲ್ಲಿ ಹೀಗೆ ಮಗುಚಲು ಬರುವುದಿಲ್ಲ, ಅಲ್ಲಿ ಮೇಲಿನಿಂದ ತುಂಡು ತುಂಡಾಗಿಯೇ ಇಳಿಸಬೇಕು. ನನ್ನ ನಾಲ್ಕರಲ್ಲಿ ಮೂರಕ್ಕೆ ಆ ಅಡ್ಡಿ ಇರಲಿಲ್ಲ.)

ಹುಳುಗಳನ್ನು ಹೆಕ್ಕಿ ಕೋಳಿಗಳಿಗೆ ಹಾಕಿದೆವು. ಬೇಲಿ ಬದಿಯ ತುಂಡುಗಳನ್ನು ಒಡೆದು ಒಣಗಿಸಿ ಸೌದೆ ಮಾಡಿದೆವು. ಕುತ್ತಿಗಳನ್ನು ಅಗೆಸಿ ತೆಗೆಸಿದೆ. ಅಗೆದ ಆಳುಗಳಿಗೆ ಮೂರು ದಿನ ಹಿಡಿಯಿತು, ಅಂದು ಉಳಿಸಿದ ಹಣಕ್ಕಿಂತ ಹೆಚ್ಚು ಖರ್ಚಾಯಿತು. ಆ ಹೆಣ್ಣುಮಗಳಿಗೆ ಏಳು ಹೊಸ ಸಸಿ ತಂದುಕೊಟ್ಟೆ. ಆಕೆ ಬೇಡವೆನ್ನಲಿಲ್ಲ, ಧನ್ಯವಾದವನ್ನೂ ಹೇಳಲಿಲ್ಲ. ಎರಡೂ ಸರಿಯೇ ಆಗಿತ್ತು. ಸಸಿಗಳನ್ನು ಕೊಡಬಹುದಿತ್ತು, ಕೊಡದಲ್ಲಿ ಹೊತ್ತ ಎರಡು ಬೇಸಿಗೆಯ ನೀರನ್ನು ಹೇಗೆ ಕೊಡುವುದು?

ಆದ್ದರಿಂದ ನನ್ನ ಮೊದಲ ಅಭಿಪ್ರಾಯ ಇದು: ಕುತ್ತಿ ನಮ್ಮ ಗಡಿಯೊಳಗಿದ್ದರೂ ನಮ್ಮ ಖಾಸಗಿ ವಿಷಯವಲ್ಲ. ಬಾವಿಯ ನೀರಿನಂತೆ, ಒಲೆಯ ಹೊಗೆಯಂತೆ ಅದು ನೆರೆಯವರಿಗೂ ಸಂಬಂಧಿಸಿದ್ದು. ಮರ ಕಡಿಯುವ ಮಾತುಕತೆಯ ದಿನವೇ ಬುಡದ ಮಾತೂ ಆಗಬೇಕು. ಗುತ್ತಿಗೆದಾರ ಕಾಂಡದ ಬೆಲೆ ಹೇಳುವಾಗಲೇ, ಬುಡ ಸಹಿತ ತೆಗೆದರೆ ಎಷ್ಟು ಎಂದು ಕೇಳಿ. ಹಿತ್ತಿಲಿನ ಮರವಾದರೂ ಅನೇಕ ಜಾತಿಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ತೆಂಗಿಗೆ ಬೇಡ. ಬೇಡವಾದ್ದರಿಂದಲೇ ತೆಂಗನ್ನು ನಾವು ಯೋಚನೆಯಿಲ್ಲದೆ ಕಡಿಯುತ್ತೇವೆಯೋ ಏನೋ.

ಎರಡನೆಯದು, ಎಲ್ಲ ಕುತ್ತಿಗೂ ಒಂದೇ ಮದ್ದಲ್ಲ. ತರಗತಿಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಬೆತ್ತ ಎಂಬ ಕಾಲದಲ್ಲಿ ನಾನು ಅಧ್ಯಾಪಕನಾದವನು. ಆ ತಪ್ಪನ್ನು ತಿದ್ದಿಕೊಳ್ಳಲು ನನಗೆ ಹತ್ತು ವರ್ಷ ಬೇಕಾಯಿತು. ತೆಂಗಿನ ಕುತ್ತಿಯನ್ನು ತೆಗೆಯಲೇಬೇಕು. ಅಣಬೆ ರೋಗದಿಂದ ಸತ್ತ ತೆಂಗು ಅಥವಾ ಅಡಕೆಯ ಬುಡವನ್ನಂತೂ ಒಂದು ದಿನವೂ ಬಿಡಬಾರದು. ಬುಡದಿಂದ ಕಂದು ಬಣ್ಣದ ಅಂಟು ಒಸರುವುದು, ಆಮೇಲೆ ಬುಡದಲ್ಲೇ ಗಟ್ಟಿ ಅಣಬೆ ಮೂಡುವುದು ಈ ರೋಗದ ಗುರುತು. ಅದರ ಶಿಲೀಂಧ್ರ ಸತ್ತ ಬೇರಿನಲ್ಲಿ ಉಳಿದುಕೊಂಡು, ಬೇರಿಗೆ ಬೇರು ತಾಗಿದಲ್ಲಿ ಪಕ್ಕದ ಮರಕ್ಕೆ ದಾಟುತ್ತದೆ. ಬುಡವನ್ನು ಬೇರುಸಹಿತ ಅಗೆದು ಸುಟ್ಟು, ಸುತ್ತಲೂ ಕಂದಕ ತೋಡಿ ಪ್ರತ್ಯೇಕಿಸಬೇಕು, ಉಳಿದ ಮರಗಳಿಗೆ ವರ್ಷಕ್ಕೆ ತಲಾ 5 ಕಿಲೋ ಬೇವಿನ ಹಿಂಡಿ ಕೊಡಬೇಕು. ಕುರುವಾಯಿಯ ಹುಳುಗಳ ಮೇಲೆಯೇ ಬೆಳೆದು ಅವನ್ನು ಕೊಲ್ಲುವ ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವೂ ಉಂಟು. ಗೊಬ್ಬರದ ಗುಂಡಿಗೆ ಅದನ್ನು ಬೆರೆಸುತ್ತಾರೆ. ಈ ವಿಷಯಗಳಲ್ಲಿ ನಮ್ಮ ನೆರೆಯ ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಬಹಳ ಕೆಲಸ ಮಾಡಿದೆ. 1916ರಲ್ಲಿ ತೆಂಗಿನ ಸಂಶೋಧನೆಗೆಂದೇ ಅಲ್ಲಿ ಕೇಂದ್ರ ಆರಂಭವಾಯಿತು. ನೂರು ವರ್ಷಗಳ ಅನುಭವ ಪಕ್ಕದಲ್ಲೇ ಇರುವಾಗ ನಾವು ಉಪ್ಪಿನ ಮಾತು ನಂಬುತ್ತೇವೆ.

ಸಾಗುವಾನಿ, ನೀಲಗಿರಿ, ಗೊಬ್ಬರದ ಗಿಡ ಮೊದಲಾದವುಗಳ ಕುತ್ತಿ ಸತ್ತಿರುವುದಿಲ್ಲ, ಮಲಗಿರುತ್ತದೆ. ಮೊದಲ ಮಳೆಗೇ ಸುತ್ತ ಚಿಗುರು ಒಡೆಯುತ್ತದೆ. ಮರ ಬೇಕಾದರೆ ಗಟ್ಟಿಯಾದ ಒಂದು ಚಿಗುರನ್ನು ಉಳಿಸಿ ಬೇರೆಲ್ಲವನ್ನು ಚಿವುಟಿ, ಬೇಡವಾದರೆ ಬಂದ ಚಿಗುರನ್ನೆಲ್ಲ ಬಿಡದೆ ಕೀಳುತ್ತಿರಿ. ಎಲೆಯಿಲ್ಲದೆ ಬೇರು ಎಷ್ಟು ಕಾಲ ಬದುಕೀತು? ವಿಷ ಬೇಕಿಲ್ಲ, ತಾಳ್ಮೆ ಸಾಕು. ಶ್ರೀಗಂಧವನ್ನಂತೂ ಯಾರೂ ಕುತ್ತಿ ಬಿಟ್ಟು ಕಡಿಯುವುದಿಲ್ಲ. ಬೇರಿನಲ್ಲಿಯೂ ಎಣ್ಣೆಯಿರುವುದರಿಂದ ಅದನ್ನು ಬುಡಸಹಿತ ಅಗೆದೇ ತೆಗೆಯುತ್ತಾರೆ. ಲಾಭವಿದ್ದಲ್ಲಿ ಬೇರಿನವರೆಗೆ ಹೋಗುವ ಶ್ರಮ ನಮಗೆ ಕಷ್ಟವೆನಿಸುವುದಿಲ್ಲ, ನೋಡಿ.

ಇನ್ನು ಹಲಸು. ನಮ್ಮ ಮನೆಯ ಈಶಾನ್ಯಕ್ಕಿದ್ದ ಹಲಸಿನ ಮರವನ್ನು ನನ್ನ ಅಜ್ಜಿ ನೆಟ್ಟದ್ದು. 2016ರ ಮಳೆಗಾಲದಲ್ಲಿ ಅದರ ಅರ್ಧಭಾಗ ಸೀಳಿ ಬಿದ್ದಿತು, ಉಳಿದರ್ಧ ಮಾಡಿನ ಕಡೆಗೆ ವಾಲಿತ್ತು. ಅನುಮತಿ ಪಡೆದು ಕಡಿಸಿದೆವು. ಕಾಂಡದ ಒಳ್ಳೆಯ ತುಂಡೊಂದು ಮದ್ದಳೆ ಮಾಡುವವರ ಕೈಸೇರಿತು. ಕುತ್ತಿ ಏನು ಮಾಡುವುದು ಎಂಬಲ್ಲಿ ಮನೆಯಲ್ಲಿ ಎರಡು ಪಕ್ಷವಾಯಿತು. ಜೆಸಿಬಿ ತರಿಸಿ ಕಿತ್ತರೆ ಅಲ್ಲಿ ಕಾರು ನಿಲ್ಲಿಸಬಹುದು ಎಂದು ಮಗ. ಜೆಸಿಬಿಯನ್ನು ನಾನು ಹಳಿಯುವವನಲ್ಲ. ದಾರಿಯಿದ್ದಲ್ಲಿ, ಮನೆಗೆ ಪಾಯ ಹಾಕುವಲ್ಲಿ ಅದು ಒಂದು ಗಂಟೆಯಲ್ಲಿ ಮುಗಿಸುವ ಕೆಲಸವನ್ನು ಮನುಷ್ಯರ ಬೆನ್ನ ಮೇಲೆ ಹೇರುವುದು ಸರಿಯಲ್ಲ. ಆದರೆ ನಮ್ಮಲ್ಲಿ ಕುತ್ತಿಯಿಂದ ಬಾವಿಗೆ ಹನ್ನೆರಡು ಹೆಜ್ಜೆ. ದೊಡ್ಡ ಬೇರುಗಳು ಬಾವಿಯ ಕಟ್ಟೆಯ ಅಡಿಯಲ್ಲಿ ಹೋಗಿವೆ. ಅದನ್ನು ಸೆಳೆದರೆ ಕಟ್ಟೆ ಬಿರುಕು ಬಿಟ್ಟೀತು ಎಂಬುದು ನನ್ನ ವಾದ. ಮೇಲ್ಮಣ್ಣು ಅಡಿಗೆ, ಅಡಿಯ ಮುರಕಲ್ಲು ಮೇಲಕ್ಕೆ ಬರುವುದು ಬೇರೆ. ಅಜ್ಜಿಯ ಮರವೆಂಬ ಮಮತೆಯೂ ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಕೊನೆಗೆ ಕುತ್ತಿ ಉಳಿಯಿತು, ಕಾರು ಅಂಗಳದಲ್ಲೇ ನಿಲ್ಲುತ್ತದೆ.

ಉಳಿಸುವುದೆಂದರೆ ಮರೆಯುವುದಲ್ಲ. ಈ ಸಲ ಪಾಠ ಕಲಿತಿದ್ದೆ. ಮೊದಲು ಅದನ್ನು ನೆಲಮಟ್ಟಕ್ಕೆ ಕೊಯ್ಯಿಸಿದೆ. ಮೇಲ್ಭಾಗದಲ್ಲಿ ಬೈರಿಗೆಯಿಂದ ಗೇಣುದ್ದದ ತೂತುಗಳನ್ನು ಕೊರೆಯಿಸಿ, ಸೆಗಣಿ ನೀರು ತುಂಬಿ, ತರಗೆಲೆ ಮತ್ತು ಮಣ್ಣು ಮುಚ್ಚಿದೆ. ಮರವನ್ನು ಮಣ್ಣಾಗಿಸುವುದು ಶಿಲೀಂಧ್ರಗಳ ಕೆಲಸ. ಮರದಲ್ಲಿ ಅವುಗಳಿಗೆ ಇಂಗಾಲ ಯಥೇಚ್ಛ, ಸಾರಜನಕ ಅತ್ಯಲ್ಪ. ಸೆಗಣಿ ಆ ಕೊರತೆಯನ್ನು ತುಂಬುತ್ತದೆ, ತೂತು ಮತ್ತು ತೇವ ಒಳಗೆ ದಾರಿ ಮಾಡಿಕೊಡುತ್ತವೆ. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ತೇವಕ್ಕೆ ಬರವಿಲ್ಲ. ಮಾವಿನ ಕುತ್ತಿಯಾದರೆ ಬೇಗ ಮೆತ್ತಗಾಗುತ್ತದೆ. ಹಲಸಿನ ಹಳದಿ ತಿರುಳು ಹಟಮಾರಿ, ಇಷ್ಟು ವರ್ಷಗಳಾದರೂ ನಡುಭಾಗ ಗಟ್ಟಿಯಾಗಿಯೇ ಇದೆ. ವರ್ಷಕ್ಕೆರಡು ಸಲ ಮಣ್ಣು ಸರಿಸಿ ಹುಳುವಿದೆಯೇ ಎಂದು ನೋಡುತ್ತೇನೆ. ಕುರುವಾಯಿಗೆ ತೆಂಗಿನ ಕಾಂಡ ಪ್ರಿಯವಾದರೂ ಬೇರೆ ಕೊಳೆತ ವಸ್ತುವಿನಲ್ಲೂ ಅದು ಮೊಟ್ಟೆಯಿಡುತ್ತದೆ.

ತೆರೆದಿಟ್ಟ ಕುತ್ತಿಯ ಇನ್ನೊಂದು ಅಪಾಯವೆಂದರೆ ನೀರು. ನಡುವೆ ಟೊಳ್ಳಾದ ಕುತ್ತಿಯಲ್ಲಿ ಒಂದು ಚೊಂಬು ನೀರು ನಿಂತರೂ ಸಾಕು, ಹಗಲು ಕಚ್ಚುವ ಪಟ್ಟೆಕಾಲಿನ ಸೊಳ್ಳೆ ಅಲ್ಲಿ ಸಂಸಾರ ಹೂಡುತ್ತದೆ. 2008ರಲ್ಲಿ ಚಿಕೂನ್‌ಗುನ್ಯಾ ನಮ್ಮ ಜಿಲ್ಲೆಯ ಹಳ್ಳಿಗಳನ್ನು ಹಾಸಿಗೆಗೆ ಕೆಡವಿದ್ದು ನಿಮಗೆ ನೆನಪಿರಬಹುದು. 2019ರಲ್ಲಿ ಮಂಗಳೂರು ಡೆಂಗಿಯಿಂದ ತತ್ತರಿಸಿತು. ತೆಂಗಿನ ಗೆರಟೆ, ಅಡಕೆಯ ಹಾಳೆ, ಹಳೆಯ ಟೈರುಗಳ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ಆ ಪಟ್ಟಿಗೆ ಕುತ್ತಿಯ ಟೊಳ್ಳನ್ನೂ ಸೇರಿಸಿ, ಮಣ್ಣು ತುಂಬಿ ಮುಚ್ಚಿ.

ಈಗ ಉಪ್ಪು, ಸೀಮೆಎಣ್ಣೆ, ಬೆಂಕಿಗಳ ಮಾತು. ಮುರಕಲ್ಲಿನ ನೆಲದಲ್ಲಿ ತೆಂಗು ನೆಡುವ ಗುಂಡಿಗೆ ಉಪ್ಪು ಹಾಕುವ ಪದ್ಧತಿ ನಮ್ಮಲ್ಲಿ ಉಂಟು, ಕಲ್ಲು ಸಡಿಲವಾಗಲೆಂದು. ತೆಂಗು ಉಪ್ಪನ್ನು ತಾಳಿಕೊಳ್ಳುವ ಮರ. ಬದನೆ, ಬೆಂಡೆ, ಬಸಳೆ ಹಾಗಲ್ಲ. ಕುತ್ತಿಗೆ ಸುರಿದ ಚೀಲಗಟ್ಟಲೆ ಉಪ್ಪು ಕುತ್ತಿಯನ್ನು ಕರಗಿಸುವುದಿಲ್ಲ, ಬದಲಿಗೆ ಸುತ್ತಲಿನ ತರಕಾರಿ ಮಣ್ಣನ್ನು ಕೆಡಿಸುತ್ತದೆ. ಸೀಮೆಎಣ್ಣೆ, ಡೀಸೆಲ್‌ಗಳದು ಇನ್ನೂ ಕೆಟ್ಟ ಕಥೆ. ನಮ್ಮ ನೆಲ ಜರಡಿಯಂಥದು, ಮೇಲೆ ಸುರಿದದ್ದು ಮಳೆಯೊಡನೆ ಕೆಳಗೆ ಹೋಗುತ್ತದೆ. ನನ್ನ ಬಂಧುಗಳೊಬ್ಬರು ಹೀಗೆ ಮಾಡಿ, ಒಂದು ಮಳೆಗಾಲವಿಡೀ ತಮ್ಮ ಬಾವಿಯ ನೀರನ್ನು ಬಾಯಿಗಿಡಲಾಗದೆ ನೆರೆಮನೆಯಿಂದ ತಂದರು. ಇನ್ನು ಉಮಿ ತುಂಬಿ ಸುಡುವುದು. ಅಣಬೆ ರೋಗದ ಬುಡವನ್ನು ಅಗೆದು ಹೊರತೆಗೆದು ಸುಡುವುದು ಬೇರೆ, ನೆಲದಲ್ಲಿ ಹೂತಿರುವಾಗಲೇ ಬೆಂಕಿಯಿಡುವುದು ಬೇರೆ. ಹೂತಿರುವ ಕುತ್ತಿ ಒಳಗೊಳಗೆ ದಿನಗಟ್ಟಲೆ ಉರಿಯುತ್ತದೆ, ಬೆಂಕಿ ಬೇರಿನ ಜಾಡು ಹಿಡಿದು ಎಲ್ಲಿಗೆ ಹೋಯಿತೆಂದು ಮೇಲಿನಿಂದ ಕಾಣುವುದಿಲ್ಲ. ನನ್ನ ಬಾಲ್ಯದಲ್ಲಿ ಹೀಗೆ ಬೆಂದು ಟೊಳ್ಳಾದ ನೆಲದಲ್ಲಿ ನಮ್ಮ ಕರುವೊಂದರ ಕಾಲು ಕುಸಿದು ಸುಟ್ಟದ್ದನ್ನು ಕಂಡಿದ್ದೇನೆ. ಅದರ ಕೂಗು ಈಗಲೂ ಕಿವಿಯಲ್ಲಿದೆ.

ಪ್ರಸಂಗವಶಾತ್ ಒಂದು ತಿದ್ದುಪಡಿ. ಕಡಿದ ಮರದ ಉಂಗುರಗಳನ್ನು ಎಣಿಸಿದರೆ ವಯಸ್ಸು ತಿಳಿಯುತ್ತದೆ ಎಂದು ನಾನು ನಿಮಗೆಲ್ಲ ಕಲಿಸಿದ್ದೆ. ಹಲಸಿನ ಕುತ್ತಿಯ ಮುಂದೆ ಮೊಮ್ಮಗಳನ್ನು ಕೂರಿಸಿಕೊಂಡು ಎಣಿಸಲು ಹೋಗಿ ಸೋತೆ. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುವ ದೇಶಗಳ ಪಾಠ ಅದು. ವರ್ಷವಿಡೀ ಹಸಿರಾಗಿರುವ ನಮ್ಮ ಅನೇಕ ಮರಗಳಲ್ಲಿ ಸ್ಪಷ್ಟವಾದ ವಾರ್ಷಿಕ ಉಂಗುರವಿರುವುದಿಲ್ಲ. ಎಲೆ ಉದುರಿಸುವ ಸಾಗುವಾನಿ ಇದಕ್ಕೆ ಅಪವಾದ, ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಪಠ್ಯಪುಸ್ತಕವನ್ನು ಹಿತ್ತಿಲಿಗೆ ಒಯ್ದು ಪರೀಕ್ಷಿಸದೆ ಪಾಠ ಮಾಡಿದ ತಪ್ಪು ನನ್ನದು.

ಒಣ ಮರವನ್ನೆಲ್ಲ ಕಸವೆಂದು ಕಾಣುವುದನ್ನೂ ನಾನು ಒಪ್ಪುವುದಿಲ್ಲ. ಮನೆಗೂ ದಾರಿಗೂ ದೂರವಾಗಿ ತೋಟದ ಮೂಲೆಯಲ್ಲಿ ನಿಂತ ಸತ್ತ ಕಾಟುಮರದಲ್ಲಿ ಮರಕುಟಿಗ ತೂತು ಕೊರೆಯುತ್ತದೆ, ಕುಟ್ರು ಹಕ್ಕಿ ಗೂಡು ಮಾಡುತ್ತದೆ, ಅವು ಬಿಟ್ಟುಹೋದ ಪೊಟರೆಗೆ ಮಡಿವಾಳ ಹಕ್ಕಿ ಬರುತ್ತದೆ. ಯಾರಿಗೂ ತೊಂದರೆಯಿಲ್ಲದಿದ್ದರೆ ಅಂಥದ್ದೊಂದನ್ನು ನಿಲ್ಲಲು ಬಿಡಿ. ಯಾವುದನ್ನು ಬಿಡುವುದು, ಯಾವುದನ್ನು ತೆಗೆಯುವುದು ಎಂಬ ನಿರ್ಧಾರವನ್ನು ತಿಳಿದು ಮಾಡಬೇಕು ಎಂಬುದಷ್ಟೇ ನನ್ನ ಮಾತು. ನಾನು ಅಂದು ನಿರ್ಧರಿಸಿ ಬಿಟ್ಟದ್ದಲ್ಲ, ಸೋಮಾರಿತನದಿಂದ ಬಿಟ್ಟದ್ದು.

ಗಣಿತದ ಅಧ್ಯಾಪಕರು ರಜೆಯಲ್ಲಿದ್ದಾಗ ನಾನು ನಿಮಗೆ ಭಾಗಾಕಾರ ಹೇಳಿಕೊಟ್ಟದ್ದುಂಟು. ಶೇಷ ಬರೆಯದೆ ಭಾಗಲಬ್ಧ ಮಾತ್ರ ಬರೆದವರಿಗೆ ನಾನು ಪೂರ್ಣ ಅಂಕ ಕೊಡುತ್ತಿರಲಿಲ್ಲ ಎಂದು ಕೆಲವರು ಇಂದಿಗೂ ದೂರುತ್ತೀರಿ. ಮರ ಕಡಿಸುವಾಗಲೂ ಆ ನಿಯಮವನ್ನೇ ನೆನಪಿಟ್ಟುಕೊಳ್ಳಿ. ಬೆಂಗಳೂರಿನ ನನ್ನ ಶಿಷ್ಯನಿಗೆ ಹೇಳಿದ್ದೂ ಇಷ್ಟೇ: ಉಪ್ಪಿನ ಹಣದಲ್ಲಿ ಇಬ್ಬರು ಆಳುಗಳನ್ನು ಹಿಡಿ, ಮಳೆ ಬರುವ ಮುಂಚೆ ಆರನ್ನೂ ಅಗೆಸು, ಗುಂಡಿ ಮುಚ್ಚಿಸು, ಮತ್ತು ಬೇಲಿಯಾಚೆ ಯಾರು ಸಸಿ ನೆಟ್ಟಿದ್ದಾರೆಂದು ವಿಚಾರಿಸು. ಕೊನೆಯ ಮಾತು ಅವನಿಗೆ ಅರ್ಥವಾಗಲಿಲ್ಲ. ಈಗ ಆಗಿರಬೇಕು.

ನೆರೆಮನೆಯ ಆ ತೆಂಗುಗಳು ಈಗ ಫಲ ಕೊಡುತ್ತಿವೆ. ಮೊದಲು ನೆಟ್ಟವುಗಳಲ್ಲಿ ಉಳಿದ ಐದು ಎತ್ತರವಾಗಿವೆ, ನಾನು ಕೊಟ್ಟ ಏಳು ಇನ್ನೂ ಒಂದು ಹೆಜ್ಜೆ ಹಿಂದೆ. ಪ್ರತಿ ವರ್ಷ ಚೌತಿಗೆ ಆಕೆ ಎರಡು ಕಾಯಿ ಕಳಿಸುತ್ತಾರೆ. ಯಾವ ಮರದ್ದೆಂದು ನಾನು ಕೇಳಿಲ್ಲ. ನನಗೆ ಎಂಬತ್ತು ಸಮೀಪಿಸಿದೆ, ಹಾರೆ ಎತ್ತುವ ಶಕ್ತಿಯಿಲ್ಲ. ಆದರೂ ಮಳೆ ನಿಂತ ಮೇಲೆ ಹಲಸಿನ ಕುತ್ತಿಯ ಮಣ್ಣು ಸರಿಸಿ ನೋಡುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿಲ್ಲ. ಈ ವರ್ಷ ಹುಳು ಸಿಗಲಿಲ್ಲ, ಎರೆಹುಳುಗಳಿದ್ದವು.